ಕಲಿಕೆಯ ಗಣಕ ಆಟಗಳ ಬಳಕೆಯೋಗ್ಯತೆ: ಮೌಲ್ಯಮಾಪನದಲ್ಲಿ ಶಿಕ್ಷಕರ ಪಾತ್ರ

(ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲ ಭಾಗದ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ಅಕ್ಷರ ಕಲಿಸುವ ಒಂದು ಗಣಕ ಆಟವನ್ನು ಊಹಿಸಿಕೊಳ್ಳೋಣ. ಪರದೆಯ ಮೇಲೆ ಚಿತ್ರವೊಂದು ಮೂಡುತ್ತದೆ. ಅದರ ಹೆಸರು ಯಾವ ಅಕ್ಷರದಿಂದ ಆರಂಭವಾಗುತ್ತದೆಂದು ಧ್ವನಿಯೊಂದು ಕೇಳುತ್ತದೆ. ನಮ್ಮ ಭಾಗದ ಮಗು 'ಉ' ಅಕ್ಷರವನ್ನು ಒತ್ತುತ್ತದೆ. ಆಟವು ಅದನ್ನು ತಪ್ಪೆಂದು ಸಾರುತ್ತದೆ. ಆಟ ರಚಿಸಿದವರ ಮನಸ್ಸಿನಲ್ಲಿದ್ದುದು 'ಈರುಳ್ಳಿ'. ಮಗುವಿನ ಮನೆಯಲ್ಲಿರುವುದು 'ಉಳ್ಳಾಗಡ್ಡಿ'. ಅಂತೆಯೇ 'ಶೇಂಗಾ' ಎಂದು ಬಲ್ಲ ಮಗು 'ಕಡಲೆಕಾಯಿ'ಯ 'ಕ' ಅಕ್ಷರವನ್ನು ಹುಡುಕುವುದಿಲ್ಲ. ಇಲ್ಲಿ ಮಗುವಿಗೆ ಅಕ್ಷರಜ್ಞಾನವಿದೆ, ಪದಜ್ಞಾನವೂ ಇದೆ. ಸೋತಿರುವುದು ಆಟ. ಆದರೆ ಅಂಕ ಕಳೆದುಕೊಳ್ಳುವುದು ಮಗು.

ಈ ವ್ಯತ್ಯಾಸವನ್ನು ಗುರುತಿಸುವುದೇ ಬಳಕೆಯೋಗ್ಯತೆಯ ಮೌಲ್ಯಮಾಪನದ ತಿರುಳು. ಐಎಸ್‌ಒ 9241ರ 11ನೆಯ ಭಾಗವು ಬಳಕೆಯೋಗ್ಯತೆಯನ್ನು ಮೂರು ಅಂಶಗಳಿಂದ ಅಳೆಯುತ್ತದೆ: ಉದ್ದೇಶಿತ ಕಾರ್ಯ ನೆರವೇರಿತೇ ಎಂಬ ಪರಿಣಾಮಕಾರಿತ್ವ, ಎಷ್ಟು ಶ್ರಮದಲ್ಲಿ ನೆರವೇರಿತೆಂಬ ದಕ್ಷತೆ, ಮತ್ತು ಬಳಸಿದವರ ತೃಪ್ತಿ. ನಿರ್ದಿಷ್ಟ ಬಳಕೆದಾರರು ನಿರ್ದಿಷ್ಟ ಸನ್ನಿವೇಶದಲ್ಲಿ ಬಳಸಿದಾಗ ಎಂಬ ನಿಬಂಧನೆಯೂ ಅದರಲ್ಲಿದೆ. ಮೈಸೂರಿನ ಮಗುವಿಗೆ ಸುಲಭವಾದ ಆಟ ಮಕ್ತಲಿನ ಮಗುವಿಗೂ ಸುಲಭವೆಂದು ಭಾವಿಸಲು ಈ ನಿಬಂಧನೆ ಅವಕಾಶ ನೀಡುವುದಿಲ್ಲ.

ಆಟಗಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬೇರೆ ತಂತ್ರಾಂಶಗಳಲ್ಲಿ ಕಷ್ಟವೆಲ್ಲವೂ ದೋಷವೇ. ಆಟದಲ್ಲಿ ಹಾಗಲ್ಲ, ಅಲ್ಲಿ ಸವಾಲೇ ಸಂತೋಷದ ಮೂಲ. ಆದ್ದರಿಂದ ಕಲಿಕೆಯ ಸವಾಲು ಬೇರೆ, ಬಳಕೆಯ ತೊಡಕು ಬೇರೆ ಎಂದು ನಾವು ವಿಂಗಡಿಸಬೇಕು. ಏಳರ ಮಗ್ಗಿ ಕಠಿಣವೆನಿಸಿದರೆ ಅದು ಸವಾಲು. ಮುಂದಿನ ಹಂತಕ್ಕೆ ಹೋಗುವ ಗುಂಡಿ ಎಲ್ಲಿದೆಯೆಂದು ತಿಳಿಯದಿದ್ದರೆ ಅದು ತೊಡಕು.

ನಮ್ಮ ಪ್ರದೇಶದಲ್ಲಿ ಈ ತೊಡಕುಗಳಿಗೆ ವಿಶೇಷ ಕಾರಣಗಳಿವೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಗೆ ಅನುಕೂಲ ಕಲ್ಪಿಸಬೇಕೆಂದಿತು. ಇಂದು ನಮ್ಮ ಮಕ್ಕಳು ಕನ್ನಡದ ಜೊತೆಗೆ ತೆಲುಗನ್ನೂ ಇಂಗ್ಲಿಷನ್ನೂ ಕಲಿಯುತ್ತಾರೆ. ಕನ್ನಡ, ತೆಲುಗು ಲಿಪಿಗಳು ಒಂದೇ ಮೂಲದವು. ಅನೇಕ ಅಕ್ಷರಗಳಲ್ಲಿ ತಲೆಕಟ್ಟಿನ ರೂಪವೇ ಮುಖ್ಯ ವ್ಯತ್ಯಾಸ. ಪರದೆಯ ಮೇಲಿನ ಅಕ್ಷರ ತೀರ ಚಿಕ್ಕದಾದರೆ ಅಥವಾ ಅಲಂಕಾರಿಕವಾದರೆ ಈ ವ್ಯತ್ಯಾಸ ಮಸುಕಾಗುತ್ತದೆ. ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿದ ಆಟಗಳಲ್ಲಿ ಒತ್ತಕ್ಷರಗಳು ಚದುರಿ ಕಾಣುವುದೂ ಉಂಟು. ಇಂತಹ ಪರದೆಯ ಮುಂದೆ ತಡವರಿಸಿದ ಮಗು 'ಕನ್ನಡ ಕಷ್ಟ' ಎಂಬ ತೀರ್ಮಾನಕ್ಕೆ ಬಂದರೆ ಆ ನಷ್ಟವನ್ನು ತುಂಬುವುದು ಸುಲಭವಲ್ಲ.

ಒಂದು ಗಣಕಯಂತ್ರದ ಸುತ್ತ ಹಲವು ಮಕ್ಕಳು ಕೂಡುವುದು ನಮ್ಮ ಶಾಲೆಗಳ ವಾಸ್ತವ. ಅಲ್ಲಿ ಮೌಸ್ ಒಂದೇ ಕೈಯಲ್ಲಿ ಉಳಿಯುತ್ತದೆ, ಉಳಿದವರು ಪ್ರೇಕ್ಷಕರಾಗುತ್ತಾರೆ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಸಂಶೋಧಕರು ಇದನ್ನು ಗಮನಿಸಿ, ಒಂದೇ ಯಂತ್ರಕ್ಕೆ ಹಲವು ಮೌಸ್‌ಗಳನ್ನು ಜೋಡಿಸಿ ಪ್ರಯೋಗ ನಡೆಸಿದರು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಮೊದಲು ಒತ್ತಿದವರೇ ಮುಂದೆ ಎಂಬ ನಿಯಮವು ಪೈಪೋಟಿಯನ್ನು ಬೆಳೆಸಿತು. ಗುಂಪಿನ ಎಲ್ಲರೂ ಉತ್ತರ ಒತ್ತಿದ ಮೇಲೆಯೇ ಆಟ ಮುಂದುವರಿಯಬೇಕೆಂಬ ನಿಯಮವಿದ್ದಾಗ, ಮಕ್ಕಳ ಕಲಿಕೆ ಒಬ್ಬೊಬ್ಬರಿಗೆ ಒಂದೊಂದು ಯಂತ್ರ ಕೊಟ್ಟಾಗಿನ ಕಲಿಕೆಗೆ ಸಮನಾಗಿತ್ತು. ಹಲವು ಮೌಸ್‌ಗಳಿಲ್ಲದ ಶಾಲೆಯಲ್ಲಿಯೂ ಗುಂಪಿನಲ್ಲಿ ಚರ್ಚಿಸಿ, ಎಲ್ಲರೂ ಬೆರಳೆತ್ತಿ ಒಪ್ಪಿದ ಬಳಿಕವೇ ಒತ್ತಬೇಕೆಂಬ ನಿಯಮವನ್ನು ಶಿಕ್ಷಕರು ಜಾರಿಗೆ ತರಬಹುದು.

ಇನ್ನು ಮೌಲ್ಯಮಾಪನದ ಕ್ರಮವನ್ನು ನೋಡೋಣ.

ಮೊದಲನೆಯದಾಗಿ, ಶಿಕ್ಷಕರು ಆಟವನ್ನು ಆದಿಯಿಂದ ಅಂತ್ಯದವರೆಗೆ ತಾವೇ ಆಡಿ, ಅಪರಿಚಿತ ಪದಗಳನ್ನೂ ಕೆಟ್ಟ ಅಕ್ಷರಗಳನ್ನೂ ಅಸ್ಪಷ್ಟ ಧ್ವನಿಯನ್ನೂ ಗುರುತು ಮಾಡಿಕೊಳ್ಳಬೇಕು.

ಎರಡನೆಯದಾಗಿ, ಐದಾರು ಮಕ್ಕಳನ್ನು ಆರಿಸಬೇಕು. ಐವರನ್ನು ಗಮನಿಸಿದರೆ ಬಹುಪಾಲು ತೊಡಕುಗಳು ಹೊರಬೀಳುತ್ತವೆಂಬುದು ಬಳಕೆಯೋಗ್ಯತಾ ತಜ್ಞ ಯಾಕೋಬ್ ನೀಲ್ಸನ್ ಅವರ ವಾದ. ಆದರೆ ಆ ಐವರೂ ಜಾಣರಾಗಿರಬಾರದು. ಮನೆಯಲ್ಲಿ ತೆಲುಗು ಅಥವಾ ಲಂಬಾಣಿ ಆಡುವ ಮಗು, ಮೌಸ್ ಹಿಡಿಯದ ಮಗು, ಹಿಂದೆ ಸರಿದು ಕೂರುವ ಬಾಲಕಿ ಅವರಲ್ಲಿರಬೇಕು.

ಮೂರನೆಯದಾಗಿ, ಮಗು ಆಡುವಾಗ ಹದಿನೈದು ನಿಮಿಷ ಮೌನವಾಗಿ ನೋಡಬೇಕು. ಶಿಕ್ಷಕರಿಗೆ ಇದು ಅತಿ ಕಠಿಣವಾದ ಕೆಲಸ! ಎಲ್ಲಿ ನಿಂತಿತು, ಎಷ್ಟು ಬಾರಿ ಸಹಾಯ ಬೇಡಿತು, ಎಲ್ಲಿ ಓದದೆ ಒತ್ತಿತು ಎಂಬುದನ್ನು ಬರೆದಿಡಬೇಕು.

ನಾಲ್ಕನೆಯದು ಪಾಟಿಯ ಪರೀಕ್ಷೆ. ಆಟದಲ್ಲಿ ತಪ್ಪಿದ ಪ್ರಶ್ನೆಯನ್ನೇ ಬಾಯಿಯಲ್ಲಿ ಕೇಳಿ, ಪಾಟಿಯ ಮೇಲೆ ಬರೆಯಿಸಬೇಕು. ಪಾಟಿಯಲ್ಲಿ ಸರಿಯಾದುದು ಪರದೆಯಲ್ಲಿ ತಪ್ಪಾಗಿದ್ದರೆ ದೋಷವನ್ನು ಆಟದಲ್ಲಿ ಹುಡುಕಬೇಕು.

ಐದನೆಯದಾಗಿ, 'ಆಟ ಚೆನ್ನಾಗಿತ್ತೇ?' ಎಂಬ ಪ್ರಶ್ನೆಗೆ ದೊರೆಯುವ ಉತ್ತರವನ್ನು ಪೂರ್ತಿ ನಂಬಬಾರದು. ಮಕ್ಕಳ ಅಭಿಪ್ರಾಯ ಅಳೆಯುವ ವಿಧಾನಗಳನ್ನು ರೂಪಿಸಿದ ಇಂಗ್ಲೆಂಡಿನ ಜಾನೆಟ್ ರೀಡ್ ಮತ್ತು ಸಹಸಂಶೋಧಕರು, ಚಿಕ್ಕ ಮಕ್ಕಳು ಬಹುತೇಕ ಎಲ್ಲಕ್ಕೂ ಅತ್ಯುತ್ತಮವೆಂದೇ ಗುರುತು ಹಾಕುವುದನ್ನು ಕಂಡರು. 'ಮತ್ತೆ ಆಡುತ್ತೀಯಾ?' ಎಂದು ಕೇಳುವುದೂ, ಆಡುತ್ತದೆಯೇ ಎಂದು ನೋಡುವುದೂ ಹೆಚ್ಚು ವಿಶ್ವಾಸಾರ್ಹ.

ಹೀಗೆ ಪರೀಕ್ಷಿಸಿದ ಆಟದಲ್ಲಿ ಸಣ್ಣ ದೋಷವಿದ್ದರೆ, ಪದಗಳನ್ನು ಮೊದಲೇ ಪರಿಚಯಿಸಿ ಬಳಸಬಹುದು. ಎರಡು ಹೆಸರುಗಳೂ ಸರಿಯೆಂದು ತಿಳಿಸಿದರೆ ದೋಷವೇ ಪಾಠವಾಗುತ್ತದೆ. ಒತ್ತಕ್ಷರವೇ ಕೆಟ್ಟಿದ್ದರೆ ಆ ಆಟವನ್ನು ಕೈಬಿಡುವುದು ಲೇಸು. ಯಾವ ಸಂದರ್ಭದಲ್ಲಿಯೂ ಒಂದು ಪುಟದ ವರದಿಯನ್ನು ಬರೆದು ಅಧಿಕಾರಿಗಳಿಗೂ ಆಟದ ನಿರ್ಮಾಪಕರಿಗೂ ತಲುಪಿಸಿರಿ. ನಮ್ಮ ಶಾಲೆಗಳು ಕೆಲವೇ; ಆಟ ರಚಿಸುವವರ ಕಣ್ಣಿಗೆ ನಮ್ಮ ಮಕ್ಕಳು ತಾವಾಗಿಯೇ ಬೀಳುವವರಲ್ಲ. ಅವರ ಪರವಾಗಿ ಸಾಕ್ಷ್ಯ ಬರೆಯಬಲ್ಲವರು ತರಗತಿಯಲ್ಲಿರುವ ನೀವು.