ಕೆಪ್ಪ ಜೋಗದಿಂದ ನೇತ್ರಾಣಿಯವರೆಗೆ



2022ರ ದೀಪಾವಳಿಯ ರಜೆಯಲ್ಲಿ ನನ್ನ ತಂಗಿಯ ಮಗ ಹೆಗ್ಗರಣೆಯ ನಮ್ಮ ಮನೆಗೆ ಬಂದಿದ್ದ. ರಾತ್ರಿ ಊಟವಾದ ಮೇಲೆ ಟಿ.ವಿ.ಯಲ್ಲಿ ಆಸ್ಟ್ರೇಲಿಯದ ಹವಳದ ದಿಬ್ಬಗಳ ಚಿತ್ರ ಬರುತ್ತಿತ್ತು. ಯಾರೋ ಸಿರಿವಂತರು ತಮ್ಮ ಸ್ವಂತ ವಿಹಾರನೌಕೆಯಲ್ಲಿ, ಅದನ್ನು ಅವರು ಯಾಟ್ ಎನ್ನುತ್ತಾರೆ, ಬಿಳಿಯ ಹಾಯಿ ಬಿಚ್ಚಿ ಹೊರಟಿದ್ದರು. ನೌಕೆಯ ಪಕ್ಕದಲ್ಲೇ ಡಾಲ್ಫಿನ್‌ಗಳು ಜಿಗಿಯುತ್ತಿದ್ದವು. ನೀರಿನ ಕೆಳಗೆ ಆಮೆ, ಬಣ್ಣಬಣ್ಣದ ಮೀನು. ಹುಡುಗ ಕಣ್ಣು ಮಿಟುಕಿಸದೆ ನೋಡುತ್ತಿದ್ದವನು ತಟ್ಟನೆ ಕೇಳಿದ: "ಮಾವಾ, ಇಂಥದ್ದು ನಮ್ ಬದಿಗೆ ಇಲ್ಯ?"

ನಾನು ಉತ್ತರ ಹೇಳುವ ಮೊದಲು ಗೋಡೆಯ ಗಾಜಿನ ಕಪಾಟಿನ ಕಡೆ ನೋಡಿದೆ. ಯಾಕೆಂದು ಮುಂದೆ ಹೇಳುತ್ತೇನೆ.

ನಮ್ಮೂರು ಸಿದ್ದಾಪುರ ತಾಲ್ಲೂಕಿನ ಅಡಿಕೆ ತೋಟಗಳ ನಡುವಿನ ಊರು. ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಅಘನಾಶಿನಿ ಹೊಳೆ 116 ಮೀಟರ್ ಎತ್ತರದಿಂದ ಧುಮುಕುತ್ತದೆ. ಅದೇ ಉಂಚಳ್ಳಿ ಜಲಪಾತ. ಮಳೆಗಾಲದಲ್ಲಿ ಅದರ ಸದ್ದಿಗೆ ಕಿವಿ ಕೆಪ್ಪಾಗುತ್ತದೆಂದು ನಮ್ಮವರು ಅದನ್ನು ಕೆಪ್ಪ ಜೋಗ ಎನ್ನುತ್ತಾರೆ. ಕಡಲು ನಮಗೆ ದೂರವೇನಲ್ಲ. ಘಟ್ಟ ಇಳಿದರೆ ಕುಮಟಾ. ಆದರೂ ಮೇಲಿನವರಾದ ನಮಗೆ ಕಡಲೆಂದರೆ ಗೋಕರ್ಣಕ್ಕೆ ಹೋದಾಗ ಮೀಯುವ ನೀರು, ಅಷ್ಟೆ. ಅದರ ಒಳಗೆ ಏನಿದೆ ಎಂದು ನಾವು ಕೇಳಿದವರಲ್ಲ.

ಹುಡುಗನ ಪ್ರಶ್ನೆಗೆ ಉತ್ತರ: ಇದೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ, ನೇತ್ರಾಣಿ ಎಂಬ ದ್ವೀಪವಿದೆ. ಇಂಗ್ಲಿಷರ ಹಳೆಯ ನಕ್ಷೆಗಳಲ್ಲಿ ಅದರ ಹೆಸರು ಪಿಜನ್ ಐಲೆಂಡ್, ಅಂದರೆ ಪಾರಿವಾಳದ ದ್ವೀಪ. ಆಕಾಶದಿಂದ ತೆಗೆದ ಚಿತ್ರದಲ್ಲಿ ಹೃದಯದ ಆಕಾರದಲ್ಲಿ ಕಾಣುತ್ತದೆ. ಜನವಸತಿ ಇಲ್ಲ. ಮೀನುಗಾರರು ಹರಕೆಗೆಂದು ಬಿಟ್ಟ ಆಡುಗಳ ಸಂತತಿ ಅಲ್ಲಿ ಕಾಡಾಡುಗಳಾಗಿ ಬೆಳೆದಿದೆ. ಕಾಂಗ್ರೆಸ್ ಸಂಸ್ಥೆಯ ಸ್ಥಾಪಕರೆಂದು ನೀವು ಪಾಠದಲ್ಲಿ ಓದುವ ಎ. ಓ. ಹ್ಯೂಮ್ ಹಕ್ಕಿಗಳ ದೊಡ್ಡ ಪಂಡಿತರೂ ಆಗಿದ್ದರು. ಅವರು 1875ರಲ್ಲಿ ಲಕ್ಷದ್ವೀಪದ ಕಡೆಗೆ ಕೈಗೊಂಡ ಸಮುದ್ರಯಾನದಲ್ಲಿ ಈ ದ್ವೀಪವನ್ನೂ ಕಂಡು ಬರೆದಿದ್ದಾರೆ. ಅಲ್ಲಿನ ಎತ್ತರದ ಮರಗಳಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ಗವಿಗಳ ಒಳಗೆ ತನ್ನ ಉಗುಳಿನಿಂದಲೇ ಗೂಡು ಕಟ್ಟುವ ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಹಕ್ಕಿ ಇದೆ. ಆ ಗೂಡನ್ನು ಸೂಪು ಮಾಡಿ ಕುಡಿಯುವವರು ಪೂರ್ವ ದೇಶಗಳಲ್ಲಿ ಇದ್ದಾರೆ. ಹಾಗಾಗಿ ಪಾಪ, ಆ ಹಕ್ಕಿಗೂ ಕಳ್ಳರ ಕಾಟ. ನಮ್ಮ ನೌಕಾಪಡೆಯೂ ಹಲವು ವರ್ಷ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದುಂಟು.

ಈಗ ಕಪಾಟಿನ ವಿಷಯ. 1986ರ ಬೇಸಿಗೆಯಲ್ಲಿ, ನಾನು ಕಾಲೇಜು ವಿದ್ಯಾರ್ಥಿಯಾಗಿದ್ದಾಗ, ಭಟ್ಕಳದ ಗೆಳೆಯನೊಬ್ಬನ ಜೊತೆ ಮೀನು ಹಿಡಿಯುವ ದೋಣಿಯಲ್ಲಿ ನೇತ್ರಾಣಿಗೆ ಹೋಗಿದ್ದೆ. ದಾರಿಯುದ್ದಕ್ಕೂ ವಾಂತಿ ಮಾಡಿದೆನೆಂಬುದನ್ನು ಮುಚ್ಚಿಡುವುದಿಲ್ಲ. ದ್ವೀಪದ ಮರೆಯಲ್ಲಿ ದೋಣಿ ನಿಲ್ಲಿಸಿ ಲಂಗರು ಬಿಟ್ಟರು. ಅವರು ಗಾಳ ಹಾಕಿ ಮೀನು ಹಿಡಿದರು. ನಾನು ಮಲಗಿದೆ. ಮಧ್ಯಾಹ್ನ ಲಂಗರು ಎಳೆದಾಗ ಅದರ ಕೊಕ್ಕೆಗೆ ಸಿಕ್ಕಿ ಹೂಕೋಸಿನಂಥ ಒಂದು ವಸ್ತು ಮೇಲೆ ಬಂತು. ಕಂದುಬಣ್ಣ, ಮೈಯೆಲ್ಲ ಲೋಳೆ. ಒಂದು ಅಂಗೈ ಅಗಲದ ತುಂಡನ್ನು ನಾನು ಮುರಿದುಕೊಂಡೆ, ಟವೆಲಿನಲ್ಲಿ ಸುತ್ತಿ ಮನೆಗೆ ತಂದೆ.

ಎರಡನೆಯ ದಿನಕ್ಕೆ ಅದು ನಾರತೊಡಗಿತು. ಆಯಿ ಮೂಗು ಮುಚ್ಚಿಕೊಂಡು ಕೇಳಿದಳು: "ತಮಾ, ಎಂತದೋ ಇದು? ಮೂಳೆ ಕಂಡಂಗೆ ಕಾಣ್ತು." ಹವಳ ಎಂದೆ. ಅವಳು ನಂಬಲಿಲ್ಲ. "ಹವಳ ಅಂದ್ರೆ ಕೆಂಪಿರ್ತಿಲ್ಯನೋ?" ಎಂದವಳೇ ಅದನ್ನು ಕೊಟ್ಟಿಗೆಯ ಹಿಂದಿನ ಗೊಬ್ಬರಗುಂಡಿಯ ಪಕ್ಕ ಇಡಿಸಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅದು ಹಾಲಿನಂತೆ ಬೆಳ್ಳಗಾಗಿತ್ತು. ಆಗ ಕಪಾಟಿಗೆ ಏರಿತು.

ಆಯಿಯ ಎರಡು ಮಾತುಗಳಲ್ಲೂ ವಿಜ್ಞಾನವಿತ್ತೆಂದು ನನಗೆ ತಿಳಿದದ್ದು ತಡವಾಗಿ. ಸರದಲ್ಲಿ ಪೋಣಿಸುವ ಕೆಂಪು ಹವಳ ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ್ದು, ಅದು ಬೇರೆ ಜಾತಿ. ದಿಬ್ಬ ಕಟ್ಟುವ ಹವಳವೇ ಬೇರೆ. ಅದು ಮೂಳೆಯಂತೆ ಕಂಡದ್ದು ಸರಿಯೇ, ಏಕೆಂದರೆ ಅದೊಂದು ಅಸ್ಥಿಪಂಜರ. ಹವಳ ಎಂದರೆ ಕಲ್ಲಲ್ಲ, ಗಿಡವೂ ಅಲ್ಲ. ಪಾಲಿಪ್ ಎಂಬ ಸಾವಿರಾರು ಸಣ್ಣ ಸಣ್ಣ ಪ್ರಾಣಿಗಳ ಒಂದು ವಠಾರ. ಒಂದೊಂದು ಪಾಲಿಪ್ಪೂ ತನ್ನ ಕೆಳಗೆ ಸುಣ್ಣದ ಬಟ್ಟಲೊಂದನ್ನು ಕಟ್ಟಿಕೊಂಡು, ಬಾಯಿಯ ಸುತ್ತ ಇರುವ ಕೈಗಳಿಂದ ತೇಲಿ ಬರುವ ಸೂಕ್ಷ್ಮ ಜೀವಿಗಳನ್ನು ಹಿಡಿಯುತ್ತದೆ. ಇನ್ನೂ ಸ್ವಾರಸ್ಯವೆಂದರೆ, ಅದರ ಮೈಯೊಳಗೆ ಬಾಡಿಗೆಗಿರುವ ಪಾಚಿಯ ಕಣಗಳು. ಪಾಚಿ ಬಿಸಿಲಿನಲ್ಲಿ ಸಕ್ಕರೆ ತಯಾರಿಸಿ ಅದರ ಬಹುಪಾಲನ್ನು ಮನೆಯ ಯಜಮಾನನಿಗೆ ಕೊಡುತ್ತದೆ. ಹವಳದ ಕಂದು, ಹಸಿರು ಬಣ್ಣಗಳು ಹೆಚ್ಚಾಗಿ ಈ ಪಾಚಿಯವೇ. ನಾನು ತಂದ ತುಂಡು ನಾರಿದ್ದು ಯಾಕೆ ಎಂದು ಈಗ ನಿಮಗೇ ಹೊಳೆದಿರಬೇಕು. ಅದು ಜೀವಂತವಾಗಿತ್ತು. ನಮ್ಮ ಮನೆಯಲ್ಲಿ ಸತ್ತಿತು.

ಅಂಥ ಗಟ್ಟಿ ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ಅಂಗೈ ಅಗಲದ ತುಂಡೆಂದರೆ ಹತ್ತಾರು ವರ್ಷದ ಬೆಳೆ. ಮುರಿಯಲು ನನಗೆ ಹಿಡಿದದ್ದು ಅರೆ ನಿಮಿಷ. 2001ರಲ್ಲಿ ಭಾರತ ಸರ್ಕಾರ ದಿಬ್ಬ ಕಟ್ಟುವ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ, ಅಂದರೆ ಹುಲಿ ಇರುವ ಪಟ್ಟಿಗೆ, ಸೇರಿಸಿತು. ಆ ಸುದ್ದಿ ಓದಿದ ಮೇಲೂ ತುಂಡು ಕಪಾಟಿನಲ್ಲೇ ಇತ್ತು. ಬಂದ ನೆಂಟರು "ಎಷ್ಟು ಚೆಂದ" ಎಂದಾಗಲೆಲ್ಲ ನಾನು ಮಾತು ಬದಲಿಸುತ್ತಿದ್ದೆ.

ಮತ್ತೆ ಹೋಗೋಣವೆಂದು ಹುಡುಗ ಹಟ ಹಿಡಿದ. 2023ರ ಫೆಬ್ರವರಿಯಲ್ಲಿ ಹೊರಟೆವು. ಯಾಟ್ ಎಲ್ಲಿಂದ ತರೋಣ? ಮುರುಡೇಶ್ವರದಿಂದ ಬಾಡಿಗೆ ದೋಣಿ. ಅದರ ತಾಂಡೇಲ ಐವತ್ತು ದಾಟಿದ ಮೀನುಗಾರ. ಮಳೆಗಾಲದಲ್ಲಿ ಆ ಕಡೆ ದೋಣಿ ಹೋಗುವುದಿಲ್ಲ. ನೀರು ತಿಳಿಯಾಗುವುದು ದೀಪಾವಳಿ ಕಳೆದ ಮೇಲೆಯೇ.

ದಡ ಬಿಟ್ಟು ಸ್ವಲ್ಪ ದೂರದವರೆಗೆ ನೀರು ಹಸಿರು ಮಿಶ್ರಿತ ಮಣ್ಣುಬಣ್ಣ. ಅರ್ಧ ದಾರಿ ಕಳೆದ ಮೇಲೆ ಶಾಯಿಯಂಥ ನೀಲಿ. ಈ ಬಣ್ಣದ ಬದಲಾವಣೆಯೇ ನಮ್ಮ ಕರಾವಳಿಯ ಹವಳದ ಕತೆ. ಗೋಕರ್ಣದ ದಂಡೆಯಲ್ಲೋ ಹೊನ್ನಾವರದ ದಂಡೆಯಲ್ಲೋ ಹವಳದ ತೋಟವಿಲ್ಲ, ನೇತ್ರಾಣಿಯಲ್ಲಿದೆ. ಏಕೆ? ಹವಳಕ್ಕೆ ಬೇಕಾದದ್ದು ಬೆಚ್ಚಗಿನ, ಉಪ್ಪಾದ, ಬಿಸಿಲು ಇಳಿಯುವ ತಿಳಿನೀರು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಹೊಳೆಗಳು ಮಳೆಗಾಲದಲ್ಲಿ ಸಿಹಿನೀರನ್ನೂ ಕೆಂಪು ಮಣ್ಣನ್ನೂ ತಂದು ಸುರಿಯುತ್ತವೆ. ಮಣ್ಣು ಬಿಸಿಲನ್ನು ತಡೆಯುತ್ತದೆ, ಪಾಲಿಪ್ಪಿನ ಬಾಯಿ ಮುಚ್ಚುತ್ತದೆ. ದೂರದ ದ್ವೀಪದ ಸುತ್ತ ಮಾತ್ರ ಬಂಡೆಗಳ ಮೇಲೆ ಹವಳ ಹಿಡಿಯಲು ಅವಕಾಶ.

ಹಾಗೆಂದು ಹೊಳೆಯನ್ನು ದೂರಬಾರದು. ಅದೇ ಹೊಳೆಯ ಕೆಸರು ಅಳಿವೆಯಲ್ಲಿ ಬೇರೆ ಜೀವಗಳನ್ನು ಸಾಕುತ್ತದೆ. ಅಣೆಕಟ್ಟಿಲ್ಲದೆ ಹರಿದು ಕಡಲು ಸೇರುವ ಅಘನಾಶಿನಿಯ ಅಳಿವೆಯಲ್ಲಿ ಬಳಚು ಆರಿಸಿ ಬದುಕುವ ಕುಟುಂಬಗಳು ಎಷ್ಟೋ. ಅಲ್ಲಿನ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ. 2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಸಹಜವಾದ ಕೆಸರಿನದು ಒಂದು ಲೆಕ್ಕ; ನಾವು ಗುಡ್ಡ ಕಡಿದು ಕಳಿಸುವ ಮಣ್ಣಿನದು ಇನ್ನೊಂದು ಲೆಕ್ಕ. ಜೊತೆಗೆ ನಮ್ಮ ಸಂತೆಯ ಪ್ಲಾಸ್ಟಿಕ್ ಚೀಲಗಳು ಕೆಪ್ಪ ಜೋಗವನ್ನೂ ಹಾರಿ ಹೋಗುತ್ತವೆ!

ದ್ವೀಪದ ಮರೆ ಸೇರಿದಾಗ ತಾಂಡೇಲ ಲಂಗರು ಬಿಡಲಿಲ್ಲ. ಅಲ್ಲಿ ಮೊದಲೇ ತೇಲಬಿಟ್ಟಿದ್ದ ಬುರುಡೆಯೊಂದಕ್ಕೆ ಹಗ್ಗ ಕಟ್ಟಿದ. ನಾನು ಕಾರಣ ಕೇಳಿದೆ. "ಕೆಳಗೆ ಕಲ್ಲಿದೆ ಮಾಸ್ತರೆ. ಕಲ್ಲು ಒಡೆದರೆ ಮೀನು ಎಲ್ಲಿ ನಿಲ್ತದೆ?" ಎಂದ. ಪಾಲಿಪ್ಪಿನ ಹೆಸರು ಅವನಿಗೆ ಗೊತ್ತಿಲ್ಲದಿರಬಹುದು, ವಿಷಯ ಗೊತ್ತಿತ್ತು.

ಗಾಜಿನ ಮುಖವಾಡ, ಉಸಿರಾಟದ ಕೊಳವೆ, ತೇಲುವ ಜಾಕೆಟ್ಟು ಹಾಕಿಕೊಂಡು ನೀರಿಗಿಳಿದೆವು. ಮುಖ ಮುಳುಗಿಸಿದ ಕ್ಷಣ ಅಲೆಯ ಸದ್ದು ನಿಂತು ಬೇರೊಂದು ಸದ್ದು ಕೇಳಿಸಿತು. ಹುರಿಗಡಲೆ ಕಡಿದಂತೆ ಕಟಕಟ. ಗಿಳಿಮೀನುಗಳು ಕೊಕ್ಕಿನಂಥ ಹಲ್ಲಿನಿಂದ ಬಂಡೆಯ ಮೇಲಿನ ಪಾಚಿಯನ್ನು ಕೆರೆಯುತ್ತಿದ್ದವು. ಕೆರೆಯುವಾಗ ಹವಳದ ಸುಣ್ಣವೂ ಹೊಟ್ಟೆಗೆ ಹೋಗಿ ಮರಳಾಗಿ ಹಿಂದಿನಿಂದ ಬೀಳುತ್ತದೆ. ಪ್ರಪಂಚದ ಎಷ್ಟೋ ಸುಂದರ ಬಿಳಿ ಮರಳ ದಂಡೆಗಳು ಹೀಗೆ ಗಿಳಿಮೀನು ಕಳಿಸಿಕೊಟ್ಟವು. ಹುಡುಗನಿಗೆ ಇದನ್ನು ಆಮೇಲೆ ಹೇಳಿದಾಗ ಅವನು ನಕ್ಕ ನಗು ಮುರುಡೇಶ್ವರದವರೆಗೂ ನಿಲ್ಲಲಿಲ್ಲ. ಹಳದಿ-ಕಪ್ಪು ಪಟ್ಟೆಯ ಚಿಟ್ಟೆಮೀನುಗಳು ಜೋಡಿ ಜೋಡಿಯಾಗಿ ಓಡಾಡುತ್ತಿದ್ದವು. ಬಂಡೆಯ ಸಂದಿನಲ್ಲಿ ಹಾವಿನಂಥ ಮೊರೆ ಈಲ್ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಹೆದರಿಸುವುದಕ್ಕಲ್ಲ, ಅದು ಉಸಿರಾಡುವ ರೀತಿಯೇ ಹಾಗೆ.

ಆಮೇಲೆ ಆಮೆ ಬಂತು. ದೊಡ್ಡ ಬುಟ್ಟಿಯನ್ನು ಕವುಚಿ ಹಾಕಿದಷ್ಟು ಗಾತ್ರದ ಹಸಿರು ಕಡಲಾಮೆ. ಬಂಡೆಯ ಕೆಳಗಿನಿಂದ ಎದ್ದು, ರೆಕ್ಕೆ ಬೀಸುವ ಹದ್ದಿನ ಹಾಗೆ ನಿಧಾನವಾಗಿ ಮೇಲಕ್ಕೆ ಬರುತ್ತಿತ್ತು. ಹುಡುಗ ತಡೆಯಲಾರದೆ ಕೈಚಾಚಿ ಅದರ ಕಡೆಗೆ ಈಜಿದ. ಆಮೆ ತಟ್ಟನೆ ತಿರುಗಿ ಮತ್ತೆ ಆಳಕ್ಕೆ ಇಳಿಯಿತು. ಜೊತೆಗಿದ್ದ ಮುಳುಗುಗಾರ ಹುಡುಗನ ಜಾಕೆಟ್ಟು ಹಿಡಿದು ಹಿಂದೆಳೆದ. ದೋಣಿಗೆ ಹತ್ತಿದ ಮೇಲೆ ಅವನು ಬೈಯಲಿಲ್ಲ. "ಅದು ಉಸಿರು ತಗೊಳ್ಳಿಕ್ಕೆ ಮೇಲೆ ಬಂದಿತ್ತು. ನೀನು ಅಡ್ಡ ಹೋದೆ" ಎಂದನಷ್ಟೆ. ಆಮೆಗೆ ನಮ್ಮಂತೆಯೇ ಶ್ವಾಸಕೋಶ. ನೀರಿನಲ್ಲಿ ಬದುಕಿದರೂ ಗಾಳಿಗೆ ಮೇಲೆ ಬರಲೇಬೇಕು. ಹುಡುಗನ ಮುಖ ಸಣ್ಣದಾಯಿತು. ನಾವೆಲ್ಲ ದೋಣಿಯ ಅಂಚಿನಲ್ಲಿ ನೀರನ್ನೇ ನೋಡುತ್ತ ಕುಳಿತೆವು. ಸುಮಾರು ಹೊತ್ತಿನ ಮೇಲೆ, ಐವತ್ತು ಮಾರು ಆಚೆ, ಒಂದು ಬೋಳು ತಲೆ ಮೇಲೆದ್ದು "ಫುಸ್" ಎಂದು ಉಸಿರು ಬಿಟ್ಟು ಮುಳುಗಿತು. ಹುಡುಗನೂ ಆಗಲೇ ಉಸಿರು ಬಿಟ್ಟದ್ದು.

ಊಟದ ಹೊತ್ತಿನಲ್ಲಿ ತಾಂಡೇಲ ತನ್ನ ಅನುಭವ ಹೇಳಿದ. ಒಮ್ಮೆ ಬೆಳಗಿನ ಜಾವ ದೋಣಿಗಿಂತ ಉದ್ದದ, ಮೈತುಂಬ ಬಿಳಿ ಚುಕ್ಕೆಯ ಮೀನು ಪಕ್ಕದಲ್ಲೇ ಬಂದು ನಿಂತಿತಂತೆ. ಅದು ತಿಮಿಂಗಿಲ ಶಾರ್ಕ್, ಪ್ರಪಂಚದ ಮೀನುಗಳಲ್ಲೆಲ್ಲ ದೊಡ್ಡದು. ಹನ್ನೆರಡು ಮೀಟರ್ ಉದ್ದವಾದರೂ ತಿನ್ನುವುದು ತೇಲುವ ಸೂಕ್ಷ್ಮಜೀವಿ, ಸಣ್ಣ ಮೀನು. ಗುಜರಾತಿನ ತೀರದಲ್ಲಿ ಯಕೃತ್ತಿನ ಎಣ್ಣೆಗಾಗಿ ಇದನ್ನು ಕೊಲ್ಲುತ್ತಿದ್ದರು. 2001ರಲ್ಲಿ ಅದಕ್ಕೂ ಕಾನೂನಿನ ರಕ್ಷಣೆ ದೊರೆತ ಮೇಲೆ ಅಲ್ಲಿನ ಮೀನುಗಾರರೇ ಬಲೆ ಕತ್ತರಿಸಿ ಅದನ್ನು ಬಿಡತೊಡಗಿದರು.

ನೇತ್ರಾಣಿಯಿಂದ ಇನ್ನೂ ನೈಋತ್ಯಕ್ಕೆ ಹೋದರೆ ಲಕ್ಷದ್ವೀಪ. ಅದು ಹವಳವೇ ಕಟ್ಟಿದ ನಾಡು. ಅಲ್ಲಿನ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ತೆಂಗಿನ ನಾರಿನ ಹುರಿ ತುಂಬಿದ ಅವರ ಹಾಯಿದೋಣಿಗಳು ಮಂಗಳೂರಿಗೆ ಬಂದು ಅಕ್ಕಿ ಒಯ್ಯುತ್ತಿದ್ದವು. ಅಲ್ಲಿ 1998, 2010 ಮತ್ತು 2016ರಲ್ಲಿ ಸಮುದ್ರದ ನೀರು ಬಿಸಿಯಾಗಿ ಹವಳಗಳು ಬೆಳ್ಳಗಾದವು. ಬೇಸಿಗೆಯ ಅತಿ ಹೆಚ್ಚಿನ ಉಷ್ಣತೆಗಿಂತ ಒಂದು ಡಿಗ್ರಿ ಏರಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಬೇಗ ತಂಪಾದರೆ ಬದುಕೀತು, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಪ್ರಪಂಚವ್ಯಾಪಿಯಾದ ನಾಲ್ಕನೆಯ ಬಿಳಿಚಿಕೆಯನ್ನು ಘೋಷಿಸಿದರು. ಗೊಬ್ಬರಗುಂಡಿಯ ಪಕ್ಕದಲ್ಲಿ ನನ್ನ ತುಂಡು ತಾಳಿದ ಬಿಳುಪು ಅಸ್ಥಿಯದು, ಅದು ಸತ್ತ ಮೇಲಿನದು. ಕಡಲಿನ ಈ ಬಿಳುಪಿನಲ್ಲಿ ಹವಳ ಇನ್ನೂ ಉಸಿರು ಹಿಡಿದಿರುತ್ತದೆ.

ಹೊರಡುವ ಮೊದಲು ನಾನು ಚೀಲದಿಂದ ಆ ತುಂಡನ್ನು ತೆಗೆದೆ. ಮೂವತ್ತಾರು ವರ್ಷ ಕಪಾಟಿನಲ್ಲಿದ್ದುದು. ತಾಂಡೇಲ ಅದನ್ನು ನೋಡಿದ, ನನ್ನನ್ನು ನೋಡಿದ, ಏನೂ ಕೇಳಲಿಲ್ಲ. ಹುಡುಗ ಮಾತ್ರ "ಅದು ಮತ್ತೆ ಬದುಕ್ತ ಮಾವಾ?" ಎಂದ. ಇಲ್ಲ ಎಂದೆ. ಆದರೆ ಹವಳದ ಮರಿಗಳು ನೀರಿನಲ್ಲಿ ತೇಲುತ್ತ ಕಾಲೂರಲು ಗಟ್ಟಿಯಾದ ಜಾಗ ಹುಡುಕುತ್ತವೆ, ಹಳೆಯ ಹವಳದ ಅಸ್ಥಿಯ ಮೇಲೂ ಕೂರುತ್ತವೆ ಎಂದು ಹೇಳಿದೆ. ದೋಣಿಯ ಅಂಚಿನಿಂದ ಬಗ್ಗಿ ತುಂಡನ್ನು ನೀರಿಗೆ ಬಿಟ್ಟೆ. ತಿಳಿನೀರಿನಲ್ಲಿ ಅದು ಬಹಳ ಹೊತ್ತು ಬೆಳ್ಳಗೆ ಕಾಣುತ್ತ ಇಳಿಯಿತು. ಬಂಡೆಯ ಪಕ್ಕಕ್ಕೆ ತಗಲಿ ಒಮ್ಮೆ ಹೊರಳಿ ನಿಂತಿತು. ಒಂದು ಗಿಳಿಮೀನು ಹತ್ತಿರ ಬಂದು ನೋಡಿ, ತಿನ್ನಲು ಏನೂ ಇಲ್ಲವೆಂದು ಹೊರಟುಹೋಯಿತು. ತಾಂಡೇಲ ಬುರುಡೆಯ ಹಗ್ಗ ಬಿಚ್ಚಿದ.