ಮೂರು ಕಾಲಿನ ನಡಿಗೆ

ಮುಂಬಯಿಯ ಪರೇಲದಲ್ಲಿ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಎಲ್ಲರಿಗೂ ಗೊತ್ತು. ಅದೇ ಪರೇಲದಲ್ಲಿ ಅದಕ್ಕೂ ಹಿಂದಿನ ಶತಮಾನದಿಂದ ಬಾಯಿ ಸಾಕರಬಾಯಿ ದಿನಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯೂ ಇದೆ. 2024ರಲ್ಲಿ ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್ಸ್‌ನ ಸಾಕುಪ್ರಾಣಿ ಆಸ್ಪತ್ರೆ ತೆರೆಯಿತು. ನೋವಿಗೆ ಜಾತಿಯಿಲ್ಲ ಎಂಬುದನ್ನು ಈ ಊರು ಅರಿತಿದೆ.

ಮನುಷ್ಯರಂತೆ ನಾಯಿಗಳನ್ನೂ ಕ್ಯಾನ್ಸರ್ ಕಾಡುತ್ತದೆ. ದೊಡ್ಡ ತಳಿಯ ನಾಯಿಗೆ ಮೂಳೆ ಕ್ಯಾನ್ಸರ್ ಬಂದರೆ ಎಷ್ಟೋ ಸಲ ಕಾಲನ್ನೇ ತೆಗೆಯಬೇಕಾಗುತ್ತದೆ. ಆ ಮಾತಿಗೇ ಮನೆಯವರು ಹೌಹಾರುತ್ತಾರೆ. ಆದರೆ ನೋಯುವ ಕಾಲು ಹೋದ ಮೇಲೆ ಬಹಳಷ್ಟು ನಾಯಿಗಳು ಕೆಲವೇ ದಿನಗಳಲ್ಲಿ ಎದ್ದು ಓಡಾಡುತ್ತವೆ.

ಮುಂದಿನದು ನಮ್ಮ ಕೆಲಸ. ನಾಯಿಯ ಮೈಭಾರದಲ್ಲಿ ಶೇಕಡಾ 60ರಷ್ಟನ್ನು ಮುಂಗಾಲುಗಳೇ ಹೊರುತ್ತವೆ. ಒಂದು ಹೋದರೆ ಉಳಿದದ್ದಕ್ಕೆ ಹೊರೆ ಹೆಚ್ಚು. ಆದ್ದರಿಂದ ತೂಕ ಏರಬಾರದು. ಪ್ರೀತಿಯಿಂದ ಹಾಕುವ ಬಿಸ್ಕತ್ತೂ ಭಾರವೇ. ನುಣುಪಾದ ಟೈಲ್ಸ್ ಮೇಲೆ ರಬ್ಬರ್ ಮ್ಯಾಟ್ ಹಾಸಿ. ಉಗುರನ್ನೂ ಪಾದದಡಿಯ ಕೂದಲನ್ನೂ ಕತ್ತರಿಸುತ್ತಿರಿ. ಮಳೆಗಾಲದ ಒದ್ದೆ ಮೆಟ್ಟಿಲಲ್ಲಿ ಹೊಟ್ಟೆಯಡಿ ಟವೆಲನ್ನು ಜೋಳಿಗೆಯಂತೆ ಹಿಡಿದು ಇಳಿಸಿ. ಮೂಳೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಬಲ್ಲದು. ಶಸ್ತ್ರಚಿಕಿತ್ಸೆಯ ನಂತರದ ಕೀಮೋ ಮುಗಿದರೂ ವೈದ್ಯರು ಹೇಳಿದ ಎಕ್ಸ್‌ರೇ ತಪ್ಪಿಸಬೇಡಿ.

ಬೆಳಗ್ಗೆ ಬೆಲ್ಟಿನ ಸದ್ದಾದರೆ ಸಾಕು, ಆ ಜೀವ ಮೂರು ಕಾಲಲ್ಲೇ ಬಾಗಿಲಿಗೆ ಬಂದು ಬಾಲ ಆಡಿಸುತ್ತದೆ. ಹೋದ ಕಾಲಿನ ಲೆಕ್ಕ ಅದಕ್ಕಿಲ್ಲ. ಲೋಕಲ್ ರೈಲು ಹಿಡಿಯುವ ಧಾವಂತ ಬದಿಗಿಟ್ಟು, ಹತ್ತು ನಿಮಿಷ ಅದರ ಹೆಜ್ಜೆಗೆ ನಮ್ಮ ಹೆಜ್ಜೆ ಹೊಂದಿಸೋಣ. ಆರೈಕೆಯೆಂದರೆ ಅದೇ.