ಅರಸೀಕೆರೆಯ ಗುಡ್ಡದಲ್ಲಿ ಒಂದು ಬೆಳಗು

ಅರಸೀಕೆರೆ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಒಂದು ರೈಲ್ವೆ ನಿಲ್ದಾಣ. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ದಾರಿಯೂ ಹಾಸನದ ಮೇಲೆ ಮೈಸೂರಿಗೆ ಹೋಗುವ ದಾರಿಯೂ ಅಲ್ಲಿ ಕೂಡುತ್ತವೆ. ಅಲ್ಲಿ ನಾವು ಗಾಡಿ ಬದಲಾಯಿಸುತ್ತೇವೆ, ಕಾಫಿ ಕುಡಿಯುತ್ತೇವೆ, ಗಡಿಯಾರ ನೋಡುತ್ತೇವೆ. ಬೇಲೂರು ಹಳೇಬೀಡುಗಳಿಗೆ ಹೊರಟವರಾದರೆ ಬಸ್ಸು ಎಲ್ಲಿ ನಿಲ್ಲುತ್ತದೆಂದು ವಿಚಾರಿಸುತ್ತೇವೆ. ಊರನ್ನು ಮಾತ್ರ ನೋಡುವುದಿಲ್ಲ. ಸುಮಾರು 1220ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ, ಹದಿನಾರು ಮೂಲೆಗಳ ನಕ್ಷತ್ರಾಕಾರದ ಮಂಟಪವುಳ್ಳ ಈಶ್ವರ ದೇವಾಲಯವೊಂದು ಆ ಊರಿನಲ್ಲಿಯೇ ಇದೆಯೆಂಬುದನ್ನು ಬಲ್ಲ ಪ್ರಯಾಣಿಕರು ಕಡಿಮೆ. ಊರಿನಾಚೆಯ ಗುಡ್ಡಗಳ ಮಾತಂತೂ ಕೇಳುವುದೇ ಬೇಡ. ನಾನೂ ಇಪ್ಪತ್ತು ವರ್ಷ ಹೀಗೆಯೇ ಗಾಡಿ ಬದಲಾಯಿಸಿದವನು. ಈ ಹೊತ್ತು ನಾನು ಹೇಳಹೊರಟಿರುವುದು, ಒಂದು ಸಲ ಹಾಗೆ ಬದಲಾಯಿಸದೆ ಇಳಿದುಬಿಟ್ಟ ಸಂಗತಿಯನ್ನು.

ಅದಕ್ಕೆ ಕಾರಣ ತರಗತಿಯಲ್ಲಿ ನಾನು ಆಡಿದ ಒಂದು ಮಾತು. ಇಂಗ್ಲಿಷ್ ಕವಿತೆಯನ್ನು ಪಾಠಮಾಡುವುದು ನನ್ನ ವೃತ್ತಿ. ಇಂಗ್ಲೆಂಡನ್ನು ನಾನು ಕಂಡವನಲ್ಲ. ಆದರೂ ಅಲ್ಲಿನ ವನಗಳನ್ನು ವರ್ಷಕ್ಕೊಮ್ಮೆ ತಪ್ಪದೆ ವರ್ಣಿಸುತ್ತೇನೆ. ಓಕ್ ಮರದ ಗಾಂಭೀರ್ಯ, ಬೀಚ್ ಮರದ ನುಣುಪಾದ ಕಾಂಡ, ವಸಂತದಲ್ಲಿ ನೆಲವನ್ನೆಲ್ಲ ಮುಚ್ಚುವ ಬ್ಲೂಬೆಲ್ ಹೂವಿನ ನೀಲಿ ಹಾಸು, ಇವೆಲ್ಲ ನನಗೆ ಕಂಠಪಾಠ. ಒಂದು ದಿನ ಹೀಗೆ ವರ್ಣಿಸುತ್ತಿರುವಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಸಾರ್, ಅರಸೀಕೆರೆಯ ಹತ್ತಿರ ನಮ್ಮೂರ ಗುಡ್ಡವಿದೆ. ಅದನ್ನು ಈ ವುಡ್‌ಲೆಂಡ್ ಎನ್ನಬಹುದೆ?" ಎಂದು ಕೇಳಿದ. ನಾನು ನಗುತ್ತ, "ಅದು ಬರಿಯ ಕುರುಚಲು ಕಣಪ್ಪ, ಕಾಡಲ್ಲ" ಎಂದೆ. ತರಗತಿಯೂ ನಕ್ಕಿತು. ಅವನು ಕುಳಿತುಕೊಂಡ. ಆಮೇಲೆ ಒಂದು ವಾರವಾದರೂ ಅವನು ತಲೆಯೆತ್ತಿ ನನ್ನನ್ನು ನೋಡಲಿಲ್ಲ.

ನನ್ನ ಮಾತು ತಪ್ಪೆಂದು ನನಗೆ ಅನ್ನಿಸಿದ್ದು ಅದು ಒರಟಾಗಿತ್ತೆಂದಲ್ಲ. ಅದನ್ನು ಆಡುವ ಅಧಿಕಾರ ನನಗಿರಲಿಲ್ಲವೆಂದು. ಆ ಗುಡ್ಡವನ್ನು ನಾನು ರೈಲಿನ ಕಿಟಕಿಯಿಂದ ಮಾತ್ರ ಕಂಡಿದ್ದೆ. ಅಲ್ಲಿನ ಒಂದು ಮರದ ಹೆಸರೂ ನನಗೆ ಗೊತ್ತಿರಲಿಲ್ಲ. ಕಾಣದ ದೇಶದ ಹತ್ತು ಮರಗಳನ್ನು ಬಲ್ಲವನು ಕಂಡ ಗುಡ್ಡದ ಒಂದು ಮರವನ್ನೂ ಅರಿಯದೆ ಅದಕ್ಕೆ ತೀರ್ಪು ಕೊಟ್ಟಿದ್ದೆ. ಹುಡುಗನನ್ನು ಕರೆದು, "ನಿಮ್ಮೂರ ಗುಡ್ಡವನ್ನು ನನಗೆ ತೋರಿಸುತ್ತೀಯಾ?" ಎಂದೆ. ಅವನು ಒಡನೆ ಒಪ್ಪಿದ.

ಫಾಲ್ಗುಣದ ಒಂದು ಬೆಳಗ್ಗೆ ನಾವು ಹೊರಟೆವು. ಅರಸೀಕೆರೆಯ ಹತ್ತಿರ ಹಿರೇಕಲ್ಲು ಗುಡ್ಡಗಳ ಸಾಲಿದೆ. ಅದರಲ್ಲಿ ಮಾಲೇಕಲ್ಲು ತಿರುಪತಿ ಪ್ರಸಿದ್ಧವಾದ ಕ್ಷೇತ್ರ; ಸುತ್ತಿನ ಜನ ಅದನ್ನು ಚಿಕ್ಕ ತಿರುಪತಿಯೆಂದೂ ಕರೆಯುತ್ತಾರೆ. ಆಷಾಢದ ರಥೋತ್ಸವಕ್ಕೆ ಅಲ್ಲಿ ಜನಸಂದಣಿ. ಉಳಿದ ದಿನ ಮೌನ. ದಾರಿಯುದ್ದಕ್ಕೂ ತೆಂಗಿನ ತೋಟಗಳು, ಕೊಯ್ಲಾದ ರಾಗಿಯ ಹೊಲಗಳು, ತಳ ಕಾಣುತ್ತಿದ್ದ ಒಂದು ಕಟ್ಟೆ. ಗುಡ್ಡದ ಬುಡದಲ್ಲಿ ಆ ಹುಡುಗನ ಅಜ್ಜಿ ನಾಲ್ಕಾರು ಮೇಕೆಗಳೊಡನೆ ನಮಗಾಗಿ ಕಾದಿದ್ದಳು.

ಮೊದಲ ನೋಟಕ್ಕೆ ನನ್ನ ತೀರ್ಪೇ ಸರಿಯೆಂಬಂತೆ ತೋರಿತು. ಬಂಡೆ, ಒಣಹುಲ್ಲು, ಎಲೆಯುದುರಿಸಿ ನಿಂತ ಬಡಕಲು ಮರಗಳು. ನಾನು ಒಂದು ಮರವನ್ನು ತೋರಿಸಿ, "ಇದು ಯಾವುದಮ್ಮ?" ಎಂದು ಕೇಳಿದೆ. ಅಜ್ಜಿ ನನ್ನನ್ನು ಆಶ್ಚರ್ಯದಿಂದ ನೋಡಿ, "ಏನ್ ಮೇಷ್ಟ್ರೆ, ದಿಂಡಿಗ ಗೊತ್ತಿಲ್ವಾ? ಕೊಡಲಿ ಕಾವಿಗೆ ಇದೇ ಅಲ್ವಾ ಆಗೋದು!" ಎಂದಳು. ಅಲ್ಲಿಂದ ಮುಂದೆ ಪಾಠ ಹೇಳುವವಳು ಅವಳಾದಳು. ನಾನೂ ಅವಳ ಮೊಮ್ಮಗನೂ ಒಂದೇ ತರಗತಿಯ ವಿದ್ಯಾರ್ಥಿಗಳಾದೆವು. ಮುಳ್ಳಿನದು ಕಗ್ಗಲಿ, ಅದರ ಚೇಗನ್ನು ಕುದಿಸಿದರೆ ಕಾಚು ದೊರೆಯುತ್ತದೆ. ಹಳದಿ ಹೂವಿನ ಗಿಡ ತಂಗಡಿ. ಅದರ ತೊಗಟೆ ಚರ್ಮ ಹದಮಾಡುವವರಿಗೆ ಬೇಕು. ಬೇಸಗೆಯಲ್ಲಿಯೂ ಹಸುರಾಗಿ, ರೆಕ್ಕೆಯಂಥ ಕಾಯಿಗಳನ್ನು ಬಿಟ್ಟು ನಿಂತದ್ದು ಬಂದರಿಕೆ. ಎಲೆಯೇ ಇಲ್ಲದೆ ಕೊಂಬೆ ತುಂಬ ಕೆಂಡದಂಥ ಹೂ ಹೊತ್ತದ್ದು ಮುತ್ತುಗ. ಊಟದೆಲೆ ಹಚ್ಚಲು ಅದರ ಎಲೆ. ಎಲಚಿ, ಕಾರೆ, ಕಕ್ಕೆ, ಹೀಗೆ ಹೆಸರುಗಳು ಬರುತ್ತಲೇ ಇದ್ದುವು. ನಾನು ಕುರುಚಲು ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದ ಕಡೆ ಅವಳಿಗೆ ಬೇರೆ ಬೇರೆ ಸ್ವಭಾವದ ಹತ್ತಾರು ನೆಂಟರಿದ್ದರು.

ಒಂದು ಬಂಡೆಯ ಮರೆಯಲ್ಲಿ ಎಳೆಯ ಶ್ರೀಗಂಧದ ಗಿಡವಿತ್ತು. "ಇದನ್ನ ಒಂಟಿಯಾಗಿ ನೆಟ್ರೆ ಬದುಕಲ್ಲ, ಪಕ್ಕದಲ್ಲಿ ಇನ್ನೊಂದು ಗಿಡ ಇರ್‍ಬೇಕು" ಎಂದಳು ಅಜ್ಜಿ. ಸಸ್ಯಶಾಸ್ತ್ರಜ್ಞರೂ ಇದನ್ನೇ ಹೇಳುತ್ತಾರೆ. ಗಂಧದ ಮರ ತನ್ನ ಬೇರನ್ನು ನೆರೆಯ ಗಿಡಗಳ ಬೇರಿಗೆ ಕಚ್ಚಿಸಿ ನೀರನ್ನೂ ಸತ್ತ್ವವನ್ನೂ ಸ್ವಲ್ಪಮಟ್ಟಿಗೆ ಅವುಗಳಿಂದ ಹೀರಿಕೊಳ್ಳುತ್ತದೆ. ಮೈಸೂರು ನಾಡಿನಲ್ಲಿ ಗಂಧಕ್ಕೆ ಎಂಥ ಬೆಲೆಯಿತ್ತೆಂಬುದನ್ನು ನೀವು ಬಲ್ಲಿರಿ; 2001ರ ತಿದ್ದುಪಡಿಯವರೆಗೆ ರೈತನ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಸರ್ಕಾರದ ಸ್ವತ್ತಾಗಿತ್ತು. ಆದರೆ ಅದನ್ನು ಸಾಕಿದ ಪಕ್ಕದ ಗಿಡಕ್ಕೆ ಬೆಲೆ ಕಟ್ಟಿದವರಿಲ್ಲ.

ಅರ್ಧ ಗುಡ್ಡ ಹತ್ತಿ ಒಂದು ಹಾಸುಬಂಡೆಯ ಮೇಲೆ ಕುಳಿತೆವು. ಹುಲ್ಲಿನಿಂದ ಗೌಜಲ ಹಕ್ಕಿ ಕೂಗಿತು. ಮುತ್ತುಗದ ಹೂವಿನಲ್ಲಿ ಗೊರವಂಕಗಳ ಗಲಾಟೆ. ಹತ್ತಿರದ ಹುತ್ತವೊಂದು ಒಡೆದಿತ್ತು. ಕರಡಿ ಗೆದ್ದಲಿಗಾಗಿ ಕೆದಕಿದ್ದೆಂದು ಅಜ್ಜಿ ತೀರ ಸಹಜವಾಗಿ ಹೇಳಿದಾಗ ನಾನು ಸುತ್ತ ನೋಡಿಕೊಂಡೆನೆಂದು ಒಪ್ಪಿಕೊಳ್ಳಬೇಕು. ಕೆಳಗೆ ತೆಂಗಿನ ತೋಟಗಳ ನಡುವೆ ರೈಲೊಂದು ಹೋಗುತ್ತಿತ್ತು. ಅದರ ಕಿಟಕಿಯಿಂದ ಯಾರೋ ಈ ಗುಡ್ಡವನ್ನು ನೋಡಿ, ಇದರಲ್ಲಿ ಏನೂ ಇಲ್ಲವೆಂದುಕೊಳ್ಳುತ್ತಿರಬಹುದೆಂದು ನನಗೆ ಹೊಳೆಯಿತು.

ಮನೆಗೆ ಬಂದು ಪುಸ್ತಕಗಳನ್ನು ತಿರುವಿದಾಗ ಒಂದು ವಿಷಯ ನನ್ನನ್ನು ಬೆರಗುಗೊಳಿಸಿತು. ಅರಸೀಕೆರೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ಇಪ್ಪತ್ತೈದು ಅಂಗುಲದ ಆಸುಪಾಸಿನದು. ಲಂಡನ್ ನಗರದಲ್ಲಿ ಬೀಳುವ ಮಳೆಯೂ ಹೆಚ್ಚುಕಡಮೆ ಅಷ್ಟೆ. ಅಲ್ಲಿ ಅದು ಹನ್ನೆರಡು ತಿಂಗಳಿಗೂ ಹಂಚಿಕೆಯಾಗಿ, ಮೃದುವಾದ ಬಿಸಿಲಿನಲ್ಲಿ ನಿಧಾನವಾಗಿ ಇಂಗುತ್ತದೆ. ಇಲ್ಲಿ ಕೆಲವೇ ತಿಂಗಳಲ್ಲಿ ಸುರಿದು, ಉಳಿದ ತಿಂಗಳೆಲ್ಲ ಬಿಸಿಲು ನೆಲವನ್ನು ಹೀರುತ್ತದೆ. ಅದೇ ನೀರಿನಲ್ಲಿ ಓಕ್ ಮರ ದೊಡ್ಡದಾಗಿ ಬೆಳೆಯುವುದು ಸುಲಭ. ದಿಂಡಿಗ ಜೀವ ಹಿಡಿದಿರುವುದೇ ಸಾಹಸ. ಓಕ್ ಚಳಿಗೆ ಎಲೆಯುದುರಿಸುತ್ತದೆ, ದಿಂಡಿಗ ಬಾಯಾರಿಕೆಗೆ. ಕುಳ್ಳಾಗಿರುವುದು, ಮುಳ್ಳಾಗಿರುವುದು ಇಲ್ಲಿನ ಮರಗಳ ದಾರಿದ್ರ್ಯವಲ್ಲ, ವಿವೇಕ.

ಇನ್ನೊಂದು ವಿಷಯವೂ ಇದೆ. ನಮ್ಮ ಕಂದಾಯದ ದಾಖಲೆಗಳಲ್ಲಿ ಸಾಗುವಳಿಗೆ ಒದಗದ ನೆಲಕ್ಕೆ ಖರಾಬು ಎಂದು ಹೆಸರು. ಇಂಗ್ಲಿಷಿನವರೂ ತಮ್ಮ ಊರೊಟ್ಟಿನ ಕಾಡು ಹುಲ್ಲುಗಾವಲುಗಳನ್ನು ವೇಸ್ಟ್ ಎಂದೇ ಕರೆಯುತ್ತಿದ್ದರು. ಆ ಹೆಸರಿನ ನೆವದಿಂದ ಜಮೀನ್ದಾರರು ಅವಕ್ಕೆ ಬೇಲಿ ಹಾಕಿಕೊಂಡರು. ಲಂಡನ್ನಿನ ಅಂಚಿನ ಎಪ್ಪಿಂಗ್ ಕಾಡಿಗೂ ಹೀಗೆ ಬೇಲಿ ಬೀಳುತ್ತಿದ್ದಾಗ, ಲೌಟನ್ ಎಂಬ ಊರಿನ ಥಾಮಸ್ ವಿಲ್ಲಿಂಗೇಲ್ ಎಂಬ ಕೂಲಿಯವನು, ಚಳಿಗಾಲದಲ್ಲಿ ಸೌದೆಗಾಗಿ ಕೊಂಬೆ ಸವರುವುದು ಊರವರ ಹಳೆಯ ಹಕ್ಕೆಂದು ಹಟ ಹಿಡಿದ. 1866ರಲ್ಲಿ ಅವನ ಮನೆಯವರು ಇದಕ್ಕಾಗಿ ಸೆರೆಮನೆಯನ್ನೂ ಕಂಡರು. ವ್ಯಾಜ್ಯ ಬೆಳೆದು, ಲಂಡನ್ ನಗರದ ಪೌರಸಂಸ್ಥೆಯೂ ಅದರಲ್ಲಿ ಸೇರಿ, ಕೊನೆಗೆ 1878ರಲ್ಲಿ ಶಾಸನದ ಮೂಲಕ ಆ ಕಾಡು ಸಾರ್ವಜನಿಕರಿಗಾಗಿ ಉಳಿಯಿತು. ಊರವರು ತಮ್ಮ ಹಕ್ಕನ್ನು ಬಿಟ್ಟುಕೊಟ್ಟರು. ಪರಿಹಾರದ ಹಣದಲ್ಲಿ ಅವರಿಗೊಂದು ಸಭಾಭವನವನ್ನು ಕಟ್ಟಿಸಿಕೊಟ್ಟರು. ನಾನು ತರಗತಿಯಲ್ಲಿ ವರ್ಣಿಸುತ್ತಿದ್ದ ಪ್ರಶಾಂತ ವನಗಳಲ್ಲಿ ಒಂದಾದರೂ ಉಳಿದದ್ದು ಸೌದೆಯವರ ಹಟದಿಂದ. ಕೊಂಬೆಕೊಂಬೆಯನ್ನು ಬಲ್ಲವರಿದ್ದುದರಿಂದ ಅದನ್ನು ವೇಸ್ಟ್ ಎಂದಾಗ ಅಲ್ಲವೆನ್ನಲು ಜನರಿದ್ದರು.

ನಮ್ಮ ಗುಡ್ಡಕ್ಕೆ ಯಾರಿದ್ದಾರೆ? ಇಳಿಯುವಾಗ ಆ ಅಜ್ಜಿ ಹೇಳಿದ ಮಾತು ಇದು: "ಬೇಸಗೇಲಿ ಯಾರೋ ಬೆಂಕಿ ಇಕ್ತಾರೆ ಮೇಷ್ಟ್ರೆ. ಯಾವ ಗಿಡ ಹೋಯ್ತು ಅಂತ ಹೇಳೋಕೂ ಈಗ ಯಾರೂ ಇಲ್ಲ." ಮೊಮ್ಮಗನಿಗೆ ಅವಳಷ್ಟು ಹೆಸರುಗಳು ಬಾರವು. ಅವನ ಓದು ಮುಗಿಯುವ ಹೊತ್ತಿಗೆ ಇರುವವನ್ನೂ ಮರೆತಾನು; ಅವನನ್ನು ಮರೆಯಿಸುವವರಲ್ಲಿ ನಾನೂ ಒಬ್ಬ. ಹೆಸರು ಮರೆತ ಮೇಲೆ ಆ ಗುಡ್ಡ ನಿಜವಾಗಿಯೂ ಕುರುಚಲೇ ಆಗುತ್ತದೆ. ಕುರುಚಲನ್ನು ಕಡಿದರೆ ಯಾರೂ ಕೇಳುವುದಿಲ್ಲ.

ಪೂರ್ವಿಕರು ಹೀಗಿರಲಿಲ್ಲ. 1117ರ ಬೇಲೂರಿನ ದೇವಾಲಯದ ಮದನಿಕೆಯರನ್ನು ನೋಡಿ. ಅವರು ನಿಂತಿರುವುದು ಬಳ್ಳಿ ಎಲೆ ಹಣ್ಣುಗಳ ಚಪ್ಪರದ ಕೆಳಗೆ. ಅಲ್ಲಿ ಹಲಸಿನ ಹಣ್ಣಿನ ಮೇಲೆ ಕುಳಿತ ನೊಣವನ್ನೂ, ಅದನ್ನು ಹಿಡಿಯಹೊರಟ ಹಲ್ಲಿಯನ್ನೂ ಶಿಲ್ಪಿ ಬಿಟ್ಟಿಲ್ಲ. ಕಣ್ಣಿಟ್ಟು ನೋಡದವನ ಉಳಿ ಹಾಗೆ ಕಡೆಯಲಾರದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು, ನಮಗೆಲ್ಲ ಹೆಮ್ಮೆಯಾಯಿತು. ಆ ಕಲ್ಲಿನ ಎಲೆಗಳಿಗೆ ಕೊಡುವ ಗೌರವದ ಒಂದು ಪಾಲನ್ನಾದರೂ ದಾರಿಯ ಜೀವಂತ ಎಲೆಗಳಿಗೆ ಕೊಡಬಾರದೆ?

ಮುಂದಿನ ತರಗತಿಯಲ್ಲಿ ನನ್ನ ತಪ್ಪನ್ನು ಎಲ್ಲರೆದುರು ಒಪ್ಪಿಕೊಂಡೆ. ಹುಡುಗ ಒಂದು ಹಾಳೆಯನ್ನು ತಂದಿದ್ದ. ಅಜ್ಜಿಯನ್ನು ಕೇಳಿ ಬರೆದುಕೊಂಡ ಮೂವತ್ತೇಳು ಹೆಸರುಗಳು. ಇಂಗ್ಲಿಷ್ ಪದ್ಯಕ್ಕೆ ಮೊದಲು ಅದನ್ನು ಅವನಿಂದಲೇ ಓದಿಸಿದೆ. ಈ ಸಲ ಯಾರೂ ನಗಲಿಲ್ಲ. ಇಬ್ಬರು ಮೂವರು ತಮ್ಮ ತಮ್ಮ ಊರಿನ ಗಿಡಗಳ ಹೆಸರನ್ನು ಕೂಡಿಸಿದರು. ಆಮೇಲೆ ಓಕ್ ಮರದ ಪಾಠ ಮಾಡಿದೆ. ಅದು ಹಿಂದಿಗಿಂತ ಚೆನ್ನಾಗಿಯೇ ಆಯಿತೆಂದು ನನ್ನ ನಂಬಿಕೆ.

ಮುಂದೆ ನೀವು ಅರಸೀಕೆರೆಯಲ್ಲಿ ಇಳಿದಾಗ ಸ್ವಲ್ಪ ಹೊತ್ತಿದ್ದರೆ ಗುಡ್ಡದ ಕಡೆ ನಡೆಯಿರಿ. ಅಲ್ಲಿ ಸಿಕ್ಕವರನ್ನು ಒಂದು ಮರದ ಹೆಸರು ಕೇಳಿ ತಿಳಿಯಿರಿ. ಒಂದು ಗಾಡಿ ತಪ್ಪಿದರೆ ಚಿಂತೆಯಿಲ್ಲ. ಅದು ದೊಡ್ಡ ನಿಲ್ದಾಣ, ಇನ್ನೊಂದು ಬರುತ್ತದೆ.